ಅಕ್ಕಚ್ಚು

ಕಷ್ಟಕಾಲದಲ್ಲಿ ಸಣ್ಣಪುಟ್ಟ ಸಂತೋಷಗಳನ್ನು ಅರಸಿಕೊಳ್ಳಿರೆಂದು ಬುದ್ಧಿ ಹೇಳುವವರ ವಿಷಯದಲ್ಲಿ ನನಗೆ ಬಹುಕಾಲದಿಂದ ಒಂದು ಗುಮಾನಿ. ಹಾಗೆ ಹೇಳುವವರ ಮನೆಯ ತೊಟ್ಟಿ ಸಾಮಾನ್ಯವಾಗಿ ತುಂಬಿಯೇ ಇರುತ್ತದೆ. ಬಾಯಾರಿದವನಿಗೆ ಬೇಕಾದದ್ದು ನೀರೇ ಹೊರತು ಸಂಜೆಗೆಂಪಿನ ಸೊಬಗಲ್ಲ. ಈ ಅಭಿಪ್ರಾಯವನ್ನು ನಾನು ಇಂದಿಗೂ ಪೂರ್ತಿಯಾಗಿ ಬಿಟ್ಟುಕೊಟ್ಟಿಲ್ಲ. ಆದರೆ 2024ರ ಬೇಸಗೆ ಅದರ ಬಿಗಿಯನ್ನು ಕೊಂಚ ಸಡಿಲಿಸಿತೆಂಬುದನ್ನು ಒಪ್ಪಿಕೊಳ್ಳಬೇಕು.

ಹಿಂದಿನ ವರ್ಷ ಮುಂಗಾರು ಕೈಕೊಟ್ಟಿತ್ತು. ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಸರ್ಕಾರವೇ ಸಾರಿತ್ತು. ಬೆಂಗಳೂರಿಗೆ ಕಾವೇರಿ ಬರುವುದು ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ, ಯಂತ್ರಬಲದಿಂದ ಎತ್ತರಕ್ಕೆ ಏರಿ. ಆ ನೀರಿನ ಕೊಳಾಯಿ ಮುಟ್ಟದ ಬಡಾವಣೆಗಳಿಗೆ ಕೊಳವೆಬಾವಿಯೇ ಗತಿ. ನಮ್ಮದೂ ಅಂಥದೊಂದು ಬಡಾವಣೆ. ಮಾರ್ಚ್ ನಡುವಿನಲ್ಲಿ ನಮ್ಮ ಬಾವಿ ಮೊದಲು ಕೆಸರನ್ನೂ ಆಮೇಲೆ ಬರಿಯ ಗಾಳಿಯನ್ನೂ ಉಗುಳಿ ಸುಮ್ಮನಾಯಿತು. ಏಪ್ರಿಲ್ 28ರಂದು ನಗರದ ಉಷ್ಣತೆ 38.5 ಡಿಗ್ರಿ ಮುಟ್ಟಿತು. ಟ್ಯಾಂಕರಿನವನು ಹೇಳಿದ್ದೇ ಬೆಲೆ. ಇಪ್ಪತ್ತು ವರ್ಷ ಒಂದೇ ಬೀದಿಯಲ್ಲಿ ಸಂಕ್ರಾಂತಿಯ ಎಳ್ಳು ಬೀರಿಕೊಂಡು ಬಂದವರು ಬಿಂದಿಗೆಯ ಲೆಕ್ಕಕ್ಕಾಗಿ ಜಗಳವಾಡಿದರು. ನಾನೂ ಆಡಿದೆನೆಂಬುದನ್ನು ಮರೆಮಾಚಲಾರೆ. ಊರು ಬಿಟ್ಟುಬಿಡೋಣವೆಂದಳು ಮಗಳು. ಅವಳ ತಾಯಿ ಉತ್ತರ ಕೊಡಲಿಲ್ಲ. ಬಿಸಿಲಿಗಿಂತ ಹೆಚ್ಚಾಗಿ ನನ್ನನ್ನು ಅಂಜಿಸಿದ್ದು ಆ ಮೌನ.

ಆ ದಿನಗಳಲ್ಲೇ ಎದುರುಮನೆಯ ಅಜ್ಜಿಯನ್ನು ಗಮನಿಸತೊಡಗಿದೆ. ಬೆಳಗ್ಗೆ ಎಂಟರ ಹೊತ್ತಿಗೆ ಅವರು ಅಕ್ಕಚ್ಚಿನ ಚೊಂಬು ಹಿಡಿದು ಗೇಟು ದಾಟುವರು. ರಸ್ತೆಯಂಚಿನಲ್ಲಿ ಹಿಂದಿನ ವರ್ಷ ಯಾರೋ ನೆಟ್ಟು ಮರೆತ ಹೊಂಗೆಯ ಸಸಿಯ ಬುಡಕ್ಕೆ ಅದನ್ನು ಹನಿ ಚೆಲ್ಲದಂತೆ ಎರೆಯುವರು. ಅಕ್ಕಿ ತೊಳೆದ ನೀರು, ಹೆಚ್ಚೆಂದರೆ ಒಂದು ಸೇರು. ಒಂದು ದಿನ ತಡೆಯಲಾರದೆ ಕೇಳಿದೆ: “ಅಜ್ಜೀ, ಇಷ್ಟರಲ್ಲಿ ಗಿಡ ಬದುಕೀತೆ?”

“ಬದುಕೋದು ಬಿಡೋದು ಅದರ ಪಾಡಪ್ಪ. ಇದನ್ನು ಮೋರಿಗೆ ಚೆಲ್ಲೋದಕ್ಕೆ ನನಗೆ ಕೈ ಬರೋದಿಲ್ಲ.”

ನಾನು ಆಶೆಯ ಮಾತು ನಿರೀಕ್ಷಿಸಿದ್ದೆ. ಅವರು ಆಡಿದ್ದು ಅಡುಗೆಮನೆಯ ಮಾತು.

ಬೀದಿಯ ತಿರುವಿನಲ್ಲಿ ಹಳೆಯ ಹೊಂಗೆಯೊಂದಿದೆ. ಬೇಸಗೆಯ ಮೊದಲಲ್ಲಿ ಎಲೆಯೆಲ್ಲ ಉದುರಿಸಿ, ಮಳೆಗಾಗಿ ಕಾಯದೆಯೇ ಅದು ಎಳೆಹಸಿರು ತಳೆಯುತ್ತದೆ. ಆ ವರ್ಷವೂ ತಳೆಯಿತು. ಏಪ್ರಿಲ್ ಮುಗಿಯುವ ಹೊತ್ತಿಗೆ ಬಿಳಿಗೆನ್ನೀಲಿಯ ಹೂವು ಸುರಿದು ಬೀದಿಗೆ ಹಾಸುಗೆಯಾಯಿತು. ಇದರಲ್ಲಿ ಪವಾಡವೇನೂ ಇಲ್ಲ. ಆಳಕ್ಕಿಳಿದ ಬೇರಿನ ಕೆಲಸ. ಆದರೆ ಸಸಿಗೆ ಆ ಬೇರು ಇನ್ನೂ ಬಂದಿಲ್ಲ, ಬರುವತನಕ ಯಾರಾದರೂ ಎರೆಯಬೇಕು. ಆಶೆಯನ್ನು ನಾನು ದೊಡ್ಡ ಮರದಲ್ಲಿ ಹುಡುಕುತ್ತಿದ್ದೆ, ಅದು ಚೊಂಬಿನಲ್ಲಿತ್ತು.

ಅಜ್ಜಿಯ ಚೊಂಬನ್ನು ತೋರಿಸಿ ಆಳುವವರು ಕೈತೊಳೆದುಕೊಳ್ಳುವಂತಿಲ್ಲ. (ತೊಳೆದುಕೊಳ್ಳಲು ನೀರಾದರೂ ಎಲ್ಲಿತ್ತು?) ಕೆರೆಗಳನ್ನು ಮುಚ್ಚಿ ಮನೆ ಕಟ್ಟಿದ ಊರಿನ ದಾಹ ಅಕ್ಕಚ್ಚಿನಿಂದ ತೀರುವುದಿಲ್ಲ. ಹೊರವಲಯದ 110 ಹಳ್ಳಿಗಳಿಗೆಂದು ಕಾವೇರಿಯ ಐದನೆಯ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್ 16ರಂದು. ಬೇಸಗೆ ಕಳೆದ ಮೇಲೆ. ಅಂಥದನ್ನು ಕೇಳಿ ಪಡೆಯಬೇಕು, ತಡವಾದರೆ ಗದರಿಸಿ ಪಡೆಯಬೇಕು. ಆದರೆ ಕೇಳುವುದಕ್ಕೂ ಊರು ನಮ್ಮದೆಂಬ ಭಾವ ಉಳಿದಿರಬೇಕಷ್ಟೆ. ಬಿಟ್ಟುಹೋಗಲು ಗಂಟುಕಟ್ಟಿದವನು ಯಾರನ್ನು ಏನೆಂದು ಕೇಳುತ್ತಾನೆ?

ಮೇ ತಿಂಗಳ ಮೊದಲ ಮಳೆಗೆ ಎರಡು ದಿನ ಮುಂಚೆ, ನನ್ನಾಕೆ ಯಾವ ವಿವರಣೆಯನ್ನೂ ಕೊಡದೆ ನನ್ನ ಕೈಗೊಂದು ಪಾತ್ರೆಯಿಟ್ಟಳು. ಅಕ್ಕಚ್ಚು. ಕೊಂಚ ನಾಚಿಕೆಯಿಂದಲೇ ರಸ್ತೆ ದಾಟಿದೆ. ಅಜ್ಜಿ ಆಗಲೇ ಬಗ್ಗಿ ಎರೆಯುತ್ತಿದ್ದರು. ತಲೆಯೆತ್ತಿ ನೋಡಿ ಹೇಳಿದರು:

“ಇದಕ್ಕಾಯಿತು. ಆ ಕಂಬದ ಹತ್ತಿರ ಇನ್ನೊಂದಿದೆ, ಅದಕ್ಕೆ ಹಾಕಪ್ಪ.”