ಗಾಜಿನ ಮೇಲಣ ಅಪವಾದ

ಮೈಸೂರಿನ ಸಂತ ಫಿಲೋಮಿನಾ ಚರ್ಚನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲನ್ನಿಟ್ಟ ಈ ಮಂದಿರದ ಅವಳಿ ಗೋಪುರಗಳು 175 ಅಡಿ ಎತ್ತರಕ್ಕೇರಿವೆ. ಅದರ ಬಣ್ಣಗಾಜಿನ ಕಿಟಕಿಗಳಲ್ಲಿ ಕ್ರಿಸ್ತನ ಜೀವನದ ಚಿತ್ರಗಳಿವೆ. ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಾಫಿಯ ಮಲೆಗಳಿಗೂ ಮೈಸೂರಿಗೂ ಹಳೆಯ ನಂಟುಂಟು. 1963ರಲ್ಲಿ ಚಿಕ್ಕಮಗಳೂರು ಧರ್ಮಪ್ರಾಂತ್ಯವು ಬೇರೆಯಾಗುವವರೆಗೆ ಇಲ್ಲಿಯ ಕಥೋಲಿಕ ಚರ್ಚುಗಳು ಮೈಸೂರಿಗೇ ಸೇರಿದ್ದವು. ಇಂಥ ಹಳೆಯ ಚರ್ಚಿನ ಗೋಪುರದ ಕಿಟಕಿಯು ಜೀರ್ಣವಾದಾಗ ಅದನ್ನು ಕಿತ್ತೆಸೆಯಬೇಕೆ, ಉಳಿಸಬೇಕೆ ಎಂಬುದಕ್ಕೆ ಭೌತವಿಜ್ಞಾನವೂ ಉತ್ತರ ಹೇಳಬಲ್ಲದು.

ಹಳೆಯ ಬಣ್ಣಗಾಜಿನ ಕಿಟಕಿಗಳು ಕಾಲಕ್ರಮದಲ್ಲಿ ಉಬ್ಬಿ, ಜೋಲುತ್ತವೆ. ಆಗ ಅಪವಾದವೆಲ್ಲ ಗಾಜಿನ ಮೇಲೆ ಬೀಳುತ್ತದೆ. ಗಾಜು ಘನವಲ್ಲ, ಬಹು ಮಂದವಾಗಿ ಹರಿಯುವ ದ್ರವ; ಆದುದರಿಂದಲೇ ಹಳೆಯ ಗಾಜು ತಳದಲ್ಲಿ ದಪ್ಪವಾಗಿರುತ್ತದೆ ಎಂಬ ಮಾತು ಬಹು ಕಾಲದಿಂದ ನಡೆದುಬಂದಿದೆ. ತರಗತಿಯಲ್ಲಿ ನಾವೂ ಕೆಲವು ವರ್ಷ ಹೀಗೆಯೇ ಹೇಳಿದೆವೆಂಬುದನ್ನು ಒಪ್ಪಿಕೊಳ್ಳಬೇಕು. ಅದು ತಪ್ಪು. ಲಂಡನಿನ ವೆಸ್ಟ್‌ಮಿನ್‌ಸ್ಟರ್ ಅಬೆಯ ಮಧ್ಯಯುಗದ ಗಾಜಿನ ಸಂಯೋಜನೆಯನ್ನು ಅನುಸರಿಸಿ ಅದರ ಸ್ನಿಗ್ಧತೆಯನ್ನು ಗಣಿಸಿ, 2018ರಲ್ಲಿ ಪ್ರಕಟಿಸಿದ ವಿಜ್ಞಾನಿಗಳು, ಸಾಮಾನ್ಯ ಉಷ್ಣಮಾನದಲ್ಲಿ ಅಂಥ ಗಾಜು ನೂರು ಕೋಟಿ ವರ್ಷಗಳಲ್ಲಿ ಹರಿಯುವುದು ಹೆಚ್ಚೆಂದರೆ ಒಂದು ನ್ಯಾನೋಮೀಟರಿನಷ್ಟು ಎಂದು ಕಂಡುಕೊಂಡರು. ಹಿಂದೆ ಬಾಯಿಯಿಂದ ಊದಿ ಹರಡುತ್ತಿದ್ದ ಗಾಜು ಹುಟ್ಟಿನಿಂದಲೇ ಒಂದೆಡೆ ದಪ್ಪ, ಒಂದೆಡೆ ತೆಳು.

ಹಾಗಾದರೆ ನಿಜವಾದ ಅಪರಾಧಿ ಯಾರು? ಗಾಜಿನ ತುಂಡುಗಳನ್ನು ಹಿಡಿದಿರುವ ಸೀಸದ ಪಟ್ಟಿ. ಸೀಸವು 327 ಡಿಗ್ರಿ ಸೆಲ್ಸಿಯಸಿನಲ್ಲಿ, ಎಂದರೆ ಸುಮಾರು 600 ಕೆಲ್ವಿನ್‌ನಲ್ಲಿ ಕರಗುತ್ತದೆ. ನಮ್ಮ ಕೋಣೆಯ ಉಷ್ಣಮಾನ ಸುಮಾರು 300 ಕೆಲ್ವಿನ್. ಕರಗುವ ಬಿಂದುವಿನ ಅರ್ಧದಷ್ಟು ಬಿಸಿಯಲ್ಲಿ ಸದಾ ನಿಂತಿರುವ ಲೋಹವು ತನ್ನ ಭಾರಕ್ಕೆ ತಾನೇ ಮೆಲ್ಲಮೆಲ್ಲನೆ ಬಾಗುವುದು ಸಹಜ. ಕಬ್ಬಿಣಕ್ಕೆ ಈ ಪ್ರಮಾಣ ಆರರಲ್ಲೊಂದು ಭಾಗ ಮಾತ್ರ. ಅದು ಹೀಗೆ ಬಾಗದು. ಆದರೆ ಅದಕ್ಕೆ ತುಕ್ಕಿನ ರೋಗವುಂಟು. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಸ್ಥಳವನ್ನು ಆಕ್ರಮಿಸಿ, ಸರಳು ನಾಟಿದ ಕಲ್ಲನ್ನೇ ಸೀಳಿಬಿಡುತ್ತದೆ.

ಮಲೆನಾಡಿನಲ್ಲಿ ಈ ಎರಡೂ ಹಾನಿಗಳಿಗೆ ಆಷಾಢದ ಗಾಳಿಮಳೆಯ ನೆರವು ದೊರೆಯುತ್ತದೆ. ಮೂಡಿಗೆರೆಯ ಸೀಮೆಯಲ್ಲಿ ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ. ಗಾಳಿಯ ಒತ್ತಡವು ವೇಗದ ವರ್ಗವನ್ನು ಅನುಸರಿಸುತ್ತದೆ: ಸೆಕೆಂಡಿಗೆ 10 ಮೀಟರ್ ವೇಗದ ಗಾಳಿ ಚದರ ಮೀಟರಿಗೆ ಸುಮಾರು 6 ಕಿಲೋಗ್ರಾಂ ಭಾರದಷ್ಟು ಒತ್ತಿದರೆ, 20 ಮೀಟರ್ ವೇಗದ್ದು 24 ಕಿಲೋಗ್ರಾಂನಷ್ಟು ಒತ್ತುತ್ತದೆ. ಎತ್ತರಕ್ಕೇರಿದಂತೆ ಗಾಳಿಯ ವೇಗ ಹೆಚ್ಚುವುದರಿಂದ ಗೋಪುರದ ಕಿಟಕಿಯೇ ಮೊದಲು ಸೋಲುತ್ತದೆ.

ಆದುದರಿಂದ ನಮ್ಮ ಅಭಿಪ್ರಾಯವಿದು: ಗಾಜನ್ನು ಉಳಿಸಿರಿ, ಅದರ ಹಿಡಿಕೆಯನ್ನು ನವೀಕರಿಸಿರಿ. ತುಂಡುಗಳಿಗೆ ಅಂಕೆ ಹಾಕಿ, ಚಿತ್ರ ತೆಗೆದು, ಮೆಲ್ಲನೆ ಬಿಡಿಸಿ, ಹೊಸ ಸೀಸದಲ್ಲಿ ಕೂಡಿಸಬೇಕು. ತುಕ್ಕು ಹಿಡಿದ ಸರಳಿನ ಬದಲು ಕಂಚು ಅಥವಾ ತುಕ್ಕು ಹಿಡಿಯದ ಉಕ್ಕು ಬರಲಿ. ಅಂಚಿಗೆ ಸಿಮೆಂಟಿನ ಬದಲು ಸುಣ್ಣದ ಗಾರೆ ಇರಲಿ. ಸಿಮೆಂಟು ಬಿಗಿದುಕೊಂಡರೆ ಮುಂದಿನ ದುರಸ್ತಿಯಲ್ಲಿ ಗಾಜು ಒಡೆಯದೆ ಹೊರಬಾರದು. ಹೊರಗೆ ರಕ್ಷಣೆಯ ಗಾಜನ್ನು ಹಾಕುವುದಾದರೆ ನಡುವೆ ಗಾಳಿಯಾಡಲು ದಾರಿ ಬಿಡಬೇಕು. ಇಲ್ಲವಾದರೆ ಒಳಗೆ ಸಿಕ್ಕ ತೇವವು ರಾತ್ರಿ ತಂಪಿನಲ್ಲಿ ನೀರಾಗಿ ಇಳಿದು, ಕಾಪಾಡಬೇಕಾದುದನ್ನೇ ಕೊರೆಯುತ್ತದೆ.

ಹೊಸ ಗಾಜೂ ಅಲ್ಯೂಮಿನಿಯಂ ಚೌಕಟ್ಟೂ ಅಗ್ಗ, ಕೆಲಸವೂ ಬೇಗ ಮುಗಿಯುತ್ತದೆ ಎಂಬ ವಾದವನ್ನು ನಾವು ಹಗುರವಾಗಿ ಕಾಣುವುದಿಲ್ಲ; ಸಣ್ಣ ಊರಿನ ಚರ್ಚಿಗೆ ಹಣದ ಚಿಂತೆ ಸಣ್ಣದಲ್ಲ. ಆದರೆ ಸೀಸದ ಆಯುಸ್ಸು ಸುಮಾರು ಒಂದು ನೂರು ವರ್ಷ. ಗಾಜಿಗೆ ಅಂಥ ಮಿತಿಯಿಲ್ಲ. ಅಲ್ಪಾಯುವಿನ ದೋಷಕ್ಕೆ ದೀರ್ಘಾಯುವನ್ನು ದಂಡಿಸುವುದು ನ್ಯಾಯವಲ್ಲ. ತರಗತಿಯ ಒಂದು ತಪ್ಪು ಪಾಠವು ಗೋಪುರದ ಮೇಲೆ ಗಾಜನ್ನು ಒಡೆಯಬಲ್ಲದೆಂಬುದನ್ನು ನಾವು ಉಪಾಧ್ಯಾಯರು ನೆನಪಿಡಬೇಕು. ವಿದ್ಯಾರ್ಥಿಗಳು, ನಾವು ಹೇಳಿದ್ದನ್ನೂ ಲೆಕ್ಕ ಹಾಕಿ ನೋಡಬೇಕು.