ಬರ ತಾಳುವ ಸಸಿ: ಪರೀಕ್ಷೆ ಯಾವ ಮಣ್ಣಿನಲ್ಲಿ?

ಸಸಿ ಬರ ತಾಳುತ್ತದೋ ಇಲ್ಲವೋ ಎಂಬುದನ್ನು ನರ್ಸರಿಯಲ್ಲೇ ತಿಳಿಯಬಹುದೆ? ವಿಧಾನವೇನೋ ಸರಳ. ಚೀಲದ ಸಸಿಗೆ ನೀರು ನಿಲ್ಲಿಸಿ, ದಿನವೂ ತೂಗಿ, ಎಲೆಯಲ್ಲಿ ಉಳಿದ ನೀರನ್ನು ಅಳೆದು, ಬಾಡಿದ ಮೇಲೆ ಮತ್ತೆ ನೀರೆರೆದು ಎಷ್ಟು ಚಿಗುರಿದವು ಎಂದು ಎಣಿಸುತ್ತಾರೆ. ಮೊದಲು ಬಾಡಿದ್ದು ದುರ್ಬಲ, ಕೊನೆಗೆ ಬಾಡಿದ್ದು ಗಟ್ಟಿ.

ಈ ತೀರ್ಪನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಒಂದೇ ಅಳತೆಯ ಚೀಲದಲ್ಲಿ ಎಲೆ ಹೆಚ್ಚಿರುವ ಸಸಿ ನೀರನ್ನು ಬೇಗ ಮುಗಿಸಿ ಬಾಡುತ್ತದೆ. ಮೆಲ್ಲಗೆ ಬೆಳೆಯುವುದು ಗೆದ್ದಂತೆ ಕಾಣುತ್ತದೆ. ಕಮರದಂಥ ಮರದ ಶಕ್ತಿಯೆಲ್ಲ ಆಳಕ್ಕಿಳಿಯುವ ತಾಯಿಬೇರಿನಲ್ಲಿದೆ. ಆ ಬೇರು ಚೀಲದ ತಳದಲ್ಲಿ ಸುರುಳಿ ಸುತ್ತಿದರೆ ಪರೀಕ್ಷೆಗೆ ಮುನ್ನವೇ ಗಿಡ ಸೋತಂತೆ.

ಮಣ್ಣಿನ ಮಾತು ಇನ್ನೂ ದೊಡ್ಡದು. ಬೆಳಗಾವಿ ಜಿಲ್ಲೆಯ ಅಕ್ಕಪಕ್ಕದ ತಾಲ್ಲೂಕುಗಳನ್ನೇ ನೋಡಿ. ಕಿತ್ತೂರಿನ ಪಶ್ಚಿಮದ ಅಂಚು ಮಲೆನಾಡಿಗೆ ಹತ್ತಿರ, ಅಲ್ಲಿ ಭತ್ತ ಬೆಳೆಯುತ್ತದೆ. ಬೈಲಹೊಂಗಲದ್ದು ಹತ್ತಿ, ಜೋಳದ ಎರೆ. ಸವದತ್ತಿಯಲ್ಲಿ ನವಿಲುತೀರ್ಥದ ಜಲಾಶಯವಿದ್ದರೂ ಕಾಲುವೆ ಮುಟ್ಟದ ಹೊಲಕ್ಕೆ ಮಳೆಯೇ ಗತಿ. ರಾಮದುರ್ಗದ ಕಡೆ ಕಲ್ಲುಗುಡ್ಡ, ತೆಳು ಮಣ್ಣು. ಎರೆಮಣ್ಣು ನೀರನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಮರಳುಮಣ್ಣಿನಲ್ಲಿ ಸಸಿಯನ್ನು ಬದುಕಿಸುವಷ್ಟೇ ತೇವ ಇಲ್ಲಿದ್ದರೂ ಬೇರಿಗೆ ದಕ್ಕುವುದಿಲ್ಲ. ಬೇಸಿಗೆಯಲ್ಲಿ ಬಿರಿದು ಎಳೆಬೇರನ್ನೇ ಹರಿಯುತ್ತದೆ. ಕರಿಜಾಲಿ ಈ ಕಾಟವನ್ನೂ ತಾಳಿ ನಿಲ್ಲುತ್ತದೆ. ಕೆಮ್ಮಣ್ಣು, ಗೊಬ್ಬರ ತುಂಬಿದ ಚೀಲಕ್ಕೆ ಅದು ಹೇಗೆ ಗೊತ್ತಾಗಬೇಕು?

ಹೊಲದ ಪರೀಕ್ಷೆಗೆ ವರ್ಷಗಟ್ಟಲೆ ಬೇಕು, ಬರವೂ ನಾವು ಕರೆದಾಗ ಬರುವುದಿಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಬೇರೆ ಬೇರೆ ಊರಿನ ಬೇವಿನ ಬೀಜಗಳಲ್ಲಿ ಯಾವುದು ಮೇಲು ಎಂದು ನೋಡಲು ಚೀಲ ಸಾಕು, ಅದರಲ್ಲಿ ಆಯಾ ಹೊಲದ್ದೇ ಮಣ್ಣಿದ್ದರೆ. ಬೇವು ಮೇಲೋ ತೇಗ ಮೇಲೋ ಎಂದು ಅದರಿಂದ ತೀರ್ಮಾನಿಸುವುದು ಅವಸರ.

ಅಷ್ಟಕ್ಕೂ ದೊಡ್ಡ ಪರೀಕ್ಷೆಯೊಂದು ಆಗಲೇ ನಡೆಯುತ್ತಿದೆ. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ರೈತ ನೆಟ್ಟ ಸಸಿ ಬದುಕಿದ್ದರೆ ಮೂರು ವರ್ಷ ಹಣ ಸಿಗುತ್ತದೆ: ಒಂದೊಂದಕ್ಕೆ ಮೊದಲ ವರ್ಷ 35, ಆಮೇಲೆ 40, 50 ರೂಪಾಯಿ. ಹಣ ಕೊಡಬೇಕಾದರೆ ಬದುಕಿದ ಸಸಿ ಎಣಿಸಲೇಬೇಕು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದ 2023ರ ಬರವೂ ಆ ಲೆಕ್ಕದೊಳಗೇ ಹಾದುಹೋಗಿದೆ. ಎರೆಯಲ್ಲಿ ಯಾವ ಜಾತಿ ಉಳಿಯಿತು, ಮಸಾರಿಯಲ್ಲಿ ಯಾವುದು ಹೋಯಿತು ಎಂಬುದನ್ನು ಇಲಾಖೆ ಮಣ್ಣುವಾರು, ತಾಲ್ಲೂಕುವಾರು ಪ್ರಕಟಿಸಲಿ. ಮುಂದಿನ ಮುಂಗಾರಿಗೆ ನರ್ಸರಿ ಮುಂದೆ ಸಾಲು ನಿಲ್ಲುವ ರೈತನ ಕೈಗೆ ಸಸಿಯ ಜೊತೆ ಆ ಪಟ್ಟಿಯನ್ನೂ ಕೊಡಲಿ.