ಅರ್ಜಿ ಬರೆಯುವ ಯಂತ್ರವೂ ಕೆಲಸ ಬಲ್ಲ ಕೈಯೂ

ಹತ್ತನೆಯ ತರಗತಿ ಮುಗಿಯುತ್ತಲೇ ಮನೆಮನೆಯಲ್ಲಿ ಏಳುವ ಪ್ರಶ್ನೆ, "ಮುಂದೇನು?" ಎಂಬುದು. ಈಗ ಅದರ ಜೊತೆಗೆ ಇನ್ನೊಂದು ಸೇರಿಕೊಂಡಿದೆ. "ಬರೆಯುವ, ಲೆಕ್ಕ ಹಾಕುವ ಕೆಲಸವನ್ನೆಲ್ಲ ಯಂತ್ರವೇ ಮಾಡಿದರೆ ನಮ್ಮ ಮಕ್ಕಳಿಗೆ ಉಳಿಯುವುದೇನು?" ಎಂದು ರೊದ್ದಂ ಸುತ್ತಿನ ಪೋಷಕರು ನಮ್ಮನ್ನು ಕೇಳುತ್ತಾರೆ. ಈ ಅಂಜಿಕೆ ಹುರುಳಿಲ್ಲದ್ದೆಂದು ನಾವು ಹೇಳಲಾರೆವು. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದಿತು. ಅಲ್ಲಿಂದೀಚೆಗೆ ಅರ್ಜಿ, ವರದಿ, ಅನುವಾದಗಳನ್ನು ಕ್ಷಣಮಾತ್ರದಲ್ಲಿ ಬರೆದುಕೊಡುವ ಕೃತಕ ಬುದ್ಧಿಮತ್ತೆ ಎಲ್ಲರ ಮೊಬೈಲಿನಲ್ಲೂ ಸಿಗುವಂತಾಗಿದೆ.

ಆದರೆ ಯಂತ್ರದ ಭಯ ನಮ್ಮ ಸೀಮೆಗೆ ಹೊಸದಲ್ಲ. ಹಿಂದೂಪುರ, ಧರ್ಮಾವರಗಳ ರೇಷ್ಮೆ ಮಗ್ಗಗಳನ್ನೇ ನೋಡೋಣ. ಮಗ್ಗದ ಮೇಲೆ ಕೂರುವ ಜಕಾರ್ಡನ್ನು ಫ್ರಾನ್ಸಿನಲ್ಲಿ 1804ರ ಸುಮಾರಿಗೆ ರೂಪಿಸಿದರು. ರಂಧ್ರ ಕೊರೆದ ರಟ್ಟಿನ ಪಟ್ಟಿಗಳೇ ಸೀರೆಯ ಅಂಚಿನ ಹೂಬಳ್ಳಿಯನ್ನು ನಿರ್ಧರಿಸುತ್ತವೆ. ಮುಂದೆ ಇದೇ ಉಪಾಯ ಗಣಕಯಂತ್ರದ ಹುಟ್ಟಿಗೂ ನೆರವಾಯಿತು. ಹಿಂದೆ ಚೌಕದ ಹಾಳೆಯ ಮೇಲೆ ಕೈಯಿಂದ ಬರೆಯುತ್ತಿದ್ದ ವಿನ್ಯಾಸ ಈಗ ಕಂಪ್ಯೂಟರಿನಲ್ಲಿ ಸಿದ್ಧವಾಗುತ್ತದೆ. ರಟ್ಟು ಕೊರೆಯುವುದನ್ನಷ್ಟೇ ಬಲ್ಲವರಿಗೆ ಇದರಿಂದ ಕಷ್ಟವಾಯಿತು, ನಿಜ. ಹಾಸು ಹೊಕ್ಕುಗಳ ನಡುವೆ ಹೂವು ಹೇಗೆ ಕೂರುತ್ತದೆ ಎಂಬ ನೇಕಾರನ ಅರಿವು ಮಾತ್ರ ಇಂದಿಗೂ ಬೇಕೇ ಬೇಕು.

ಪೆನುಕೊಂಡದ ಬಳಿಯ ಎರ್ರಮಂಚಿಯಲ್ಲಿ 2019ರಿಂದ ಕಿಯಾ ಕಾರುಗಳು ತಯಾರಾಗುತ್ತಿವೆ. ಅಲ್ಲಿ ತಗಡನ್ನು ಬೆಸೆಯುವುದು ಯಂತ್ರದ ತೋಳುಗಳು. ಅಂಥ ತೋಳು ಕೆಟ್ಟು ನಿಂತಾಗ ಕಾರಣ ಹುಡುಕಿ ಸರಿಪಡಿಸುವವನು ಮನುಷ್ಯನೇ. ಆದುದರಿಂದ ಐಟಿಐ, ಪಾಲಿಟೆಕ್ನಿಕ್ ಓದು ಕಡಿಮೆಯದೆಂದು ಪೋಷಕರು ಭಾವಿಸಬಾರದು.

ಕೆಲಸ ಹುಡುಕುವ ವಿಷಯಕ್ಕೆ ಬಂದರೆ, ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ಅನುಭವ ನೆನಪಾಗುತ್ತದೆ. ಅವನು ತನ್ನ ಅರ್ಜಿಯನ್ನು ಯಂತ್ರದಿಂದಲೇ ಸೊಗಸಾದ ಇಂಗ್ಲಿಷಿನಲ್ಲಿ ಬರೆಸಿದ್ದ. ಸಂದರ್ಶನದಲ್ಲಿ, "ಇದರಲ್ಲಿ ಬರೆದಿರುವ ಕೆಲಸವನ್ನು ಹೇಗೆ ಮಾಡುತ್ತೀಯಪ್ಪಾ?" ಎಂದು ಕೇಳಿದಾಗ ತಲೆ ತಗ್ಗಿಸಿ ಬಂದ. ಮೋಟಾರು ಬಿಚ್ಚಿ ಕಟ್ಟುವುದು ಅವನಿಗೆ ಚೆನ್ನಾಗಿ ಬರುತ್ತಿತ್ತು. ಅರ್ಜಿಯಲ್ಲಿ ಅದೊಂದೇ ಇರಲಿಲ್ಲ!

ಹಾಗಾದರೆ ಯಂತ್ರವನ್ನು ದೂರವಿಡಬೇಕೆ? ಖಂಡಿತ ಬೇಡ. ಅರ್ಥವಾಗದ ಪಾಠವನ್ನು ಕನ್ನಡದಲ್ಲಿ ವಿವರಿಸೆಂದು ಅದನ್ನು ಕೇಳಬಹುದು. ಸಂದರ್ಶನದ ಪ್ರಶ್ನೆಗಳನ್ನು ಕೇಳೆಂದು ಹೇಳಿ ಉತ್ತರಿಸುವ ಅಭ್ಯಾಸ ಮಾಡಬಹುದು. ಅದು ತಪ್ಪನ್ನೂ ಧೈರ್ಯವಾಗಿ ಹೇಳುವುದರಿಂದ ಪುಸ್ತಕದಲ್ಲಿ, ಗುರುಗಳಲ್ಲಿ ವಿಚಾರಿಸಿ ನೋಡಬೇಕು. ಅರ್ಜಿಯನ್ನು ಮೊದಲು ನಾವೇ ಬರೆದು, ಆಮೇಲೆ ತಿದ್ದಿಸಿಕೊಳ್ಳಬೇಕು. ಬಾಯಲ್ಲಿ ಹೇಳಲಾಗದ ಒಂದು ಮಾತೂ ಅದರಲ್ಲಿರಬಾರದು.

ಕನ್ನಡ ಮಾಧ್ಯಮದಲ್ಲಿ ಓದಿದೆವೆಂದು ನಾವು ಕುಗ್ಗಬೇಕಾಗಿಲ್ಲ. ಗ್ರಾಮೀಣ ಬ್ಯಾಂಕುಗಳ ನೇಮಕಾತಿ ಪರೀಕ್ಷೆಯನ್ನು 2019ರಿಂದ ಕನ್ನಡದಲ್ಲಿಯೂ ಬರೆಯಲು ಅವಕಾಶವಾಗಿದೆ. ಗಡಿನಾಡಿನ ನಮಗೆ ಮನೆಯ ಕನ್ನಡ, ಬೀದಿಯ ತೆಲುಗು ಎರಡೂ ಸಹಜವಾಗಿ ಬಂದಿವೆ. ಶ್ರಮಪಟ್ಟು ಇಂಗ್ಲಿಷನ್ನೂ ಕಲಿತರೆ ಮೂರು ಬಾಗಿಲು ತೆರೆದಂತೆ.

ಪ್ರಿಯ ವಿದ್ಯಾರ್ಥಿಗಳೇ, ಈ ರಜೆಯಲ್ಲಿ ಒಂದು ಕೆಲಸವನ್ನಾದರೂ ಕೈಯಾರೆ ಮಾಡಿ ಪೂರ್ತಿ ಕಲಿಯಿರಿ. ಅರ್ಜಿಯನ್ನು ಯಾರೂ ಬರೆದುಕೊಟ್ಟಾರು. ಅದರಲ್ಲಿ ಬರೆಯತಕ್ಕ ಕೆಲಸವನ್ನು ಮಾತ್ರ ನಾವೇ ಕಲಿಯಬೇಕು.